ಹಂಪಿ ಬಂಡೆಯ ಮೇಲೆ ಕೇಳಿದ ಕಳ್ಳ ಹಾಡು

ಹಾಡಲಿಕ್ಕೆ ಲೈಸೆನ್ಸ್ ಬೇಕೇ ಸ್ವಾಮೀ?

ಲಾರಿ ಓಡಿಸಲಿಕ್ಕೆ ಬೇಕು. ಬಂದೂಕು ಇಟ್ಟುಕೊಳ್ಳಲಿಕ್ಕೆ ಬೇಕು. ಟಾಕೀಸು ನಡೆಸಲಿಕ್ಕೂ ಬೇಕು. ಆದರೆ ನಾಲ್ಕು ಜನ ಹುಡುಗರು ಗಿಟಾರು ಹಿಡಿದು, ಊರಾಚೆಯ ಒಂದು ಕೊಟ್ಟಿಗೆಯಲ್ಲಿ ಕೂತು ಹಾಡಲಿಕ್ಕೆ? ಅದಕ್ಕೂ ಬೇಕು ಎಂದಿತ್ತು ಒಂದು ಸರಕಾರ. ಇಲ್ಲದೆ ಹಾಡಿದವರನ್ನು ಜೈಲಿಗೆ ತಳ್ಳಿತ್ತು. ಹದಿಮೂರು ವರ್ಷದ ನಂತರ ನೋಡಿದರೆ ಹಾಡಿದವರು ಇದ್ದರು, ಆ ಸರಕಾರ ಇರಲಿಲ್ಲ!

ಈ ಕಥೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ. ಹಂಪಿಯ ಬಂಡೆಯ ಮೇಲೆ. ಅಲ್ಲಿಂದ ಅದು ನನ್ನ ಬೆನ್ನು ಹತ್ತಿ ಸಂಡೂರಿಗೆ ಬಂತು, ದರೋಜಿಗೆ ಬಂತು, ಕಂಪ್ಲಿಯ ಹೊಳೆದಂಡೆಗೂ ಬಂತು. ಬನ್ನಿ, ಬಸ್ಸು ಹತ್ತಿ ಹೋಗೋಣ.

ಹೊಸಪೇಟೆ: ಪರ್ಮಿಶನ್ ಎಲ್ಲೈತಿ?

ಹೊಸಪೇಟೆ ಎಂದರೆ ಸಿನಿಮಾದವರ ಊರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಪುನೀತ್ ರಾಜಕುಮಾರ್ ತೀರಿಕೊಂಡ ಮರುವರ್ಷವೇ, 2022ರ ಜೂನ್‌ನಲ್ಲಿ, ಇಲ್ಲಿನ ಅಭಿಮಾನಿಗಳು ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಊರಿಗೆ ಜಿಲ್ಲಾ ಕೇಂದ್ರದ ಗತ್ತೂ ಬಂದಿದೆ. ಬಸ್‌ಸ್ಟ್ಯಾಂಡಿನ ಒಗ್ಗರಣೆ-ಮಿರ್ಚಿ ಮಾತ್ರ ಹಳೆಯ ಖಾರವನ್ನು ಬಿಟ್ಟಿಲ್ಲ.

ನನಗೆ ಈ ಊರಿನ ಮೇಲೆ ಒಂದು ಹಳೆಯ ಮುನಿಸಿದೆ. ಪಿಯುಸಿಗೆ ಶರಣು ಹೊಡೆದು ಹೊರಬಿದ್ದ ವರ್ಷ ನಾವು ನಾಲ್ವರು ಗೆಳೆಯರು ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದ್ದೆವು. ಬಾಡಿಗೆಯ ಕೀಬೋರ್ಡು, ಎರವಲು ಮೈಕು, ಸ್ವಂತದ್ದೆಂದರೆ ಒಬ್ಬನ ಡ್ರಮ್ ಒಂದೇ. ಗಣೇಶನ ಹಬ್ಬದ ರಾತ್ರಿ ಇಲ್ಲೇ ಒಂದು ಓಣಿಯಲ್ಲಿ ನಮ್ಮ ಮೊದಲ ಪ್ರೋಗ್ರಾಮು. ಮೂರನೆಯ ಹಾಡು ಶುರುವಾಗಿತ್ತು. ಒಬ್ಬ ದೊಡ್ಡ ಮನುಷ್ಯ ಬಂದು, "ಪರ್ಮಿಶನ್ ಎಲ್ಲೈತಿ?" ಅಂದ. ಇರಲಿಲ್ಲ. ಲೈಟು ಆರಿತು. ನಾವು ವೈರು ಸುತ್ತಿಕೊಂಡು ಹೊರಟೆವು. ಆಮೇಲೆ ಮತ್ತೊಮ್ಮೆ ಹಾಡಲೇ ಇಲ್ಲ. ಡ್ರಮ್ಮಿನವನು ಸಂಡೂರು ಕಡೆ ಅದಿರು ಲಾರಿ ಹತ್ತಿದ, ನಾನು ಪೆನ್ನು ಹಿಡಿದೆ. ಇನ್ನಿಬ್ಬರು ಬೆಂಗಳೂರಿನ ಜನಸಾಗರದಲ್ಲಿ ಕರಗಿಹೋದರು.

ಇಷ್ಟು ವರ್ಷ ನಾನು, "ನಮ್ಮನ್ನು ಹಾಡಲಿಕ್ಕೆ ಬಿಡಲಿಲ್ಲ" ಎಂದೇ ಹೇಳಿಕೊಂಡು ತಿರುಗುತ್ತಿದ್ದೆ. ಹಂಪಿಗೆ ಹೋದ ಮೇಲೆ ಹಾಗೆ ಹೇಳಲು ನಾಲಿಗೆ ಏಳುತ್ತಿಲ್ಲ.

ಹಂಪಿ: ಮುಟ್ಟಬಾರದ ಸಂಗೀತ

ಹೊಸಪೇಟೆಯಿಂದ ಹಂಪಿ ಹದಿಮೂರೇ ಕಿಲೋಮೀಟರು. 2005ರಲ್ಲಿ ತೆರೆಕಂಡ ಜಾಕಿ ಚಾನ್‌ನ 'ದಿ ಮಿಥ್' ಚಿತ್ರಕ್ಕೆ ಇಲ್ಲಿ ಶೂಟಿಂಗ್ ನಡೆದಿತ್ತು. ಅಂಥ ಲೊಕೇಶನ್‌ಗಳ ಬಗ್ಗೆ ನಾಲ್ಕು ಪುಟ ಬರೆಯೋಣವೆಂದೇ ನಾನು ಹೋಗಿದ್ದು.

ವಿಠ್ಠಲ ದೇವಸ್ಥಾನದ ರಂಗಮಂಟಪದಲ್ಲಿ ಐವತ್ತಾರು ಕಂಬಗಳಿವೆ. ತಟ್ಟಿದರೆ ಸ್ವರ ಹೊರಡುವ ಕಲ್ಲು! ಆದರೆ ಈಗ ತಟ್ಟುವಂತಿಲ್ಲ. ಕೈ ಚಾಚಿದರೆ ಕಾವಲುಗಾರನ ಸೀಟಿ. ಕಲ್ಲು ಸವೆಯಬಾರದಲ್ಲ, ನ್ಯಾಯವೇ. ಆದರೂ ಹಾಡಬಲ್ಲ ಕಲ್ಲು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ನೋಡಿದರೆ ಎದೆಯಲ್ಲಿ ಏನೋ ಒಂದು ಥರ ಆಗುತ್ತದೆ.

ಸಂಜೆ ಹೇಮಕೂಟದ ಬಂಡೆಯ ಮೇಲೆ ಕೂತಿದ್ದೆ. ಕೆಳಗೆ ವಿರೂಪಾಕ್ಷನ ಗೋಪುರ, ಆಚೆ ಹೊಳೆ, ಹೊಳೆಯಾಚೆ ವಿರೂಪಾಪುರ ಗಡ್ಡಿ. ಹಿಪ್ಪಿಗಳ ದ್ವೀಪವೆಂದೇ ಹೆಸರಾಗಿದ್ದ ಆ ಗಡ್ಡಿಯ ಗೆಸ್ಟ್‌ಹೌಸುಗಳನ್ನು 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ, ಕೆಡವಿದರು. ಪಕ್ಕದಲ್ಲಿ ಒಬ್ಬ ನರೆಗಡ್ಡದ ಬಿಳಿಯ. ಕಿವಿಗೆ ವೈರು, ಕಾಲಲ್ಲಿ ತಾಳ. ಯಾವ ಊರು ಮಾರಾಯಾ ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. ಪ್ರಾಗ್ ಎಂದ. ಏನು ಕೇಳುತ್ತಿದ್ದೀ ಎಂದೆ. ಮಾತಾಡದೆ ಒಂದು ವೈರು ಕಿತ್ತು ನನ್ನ ಕಿವಿಗಿಟ್ಟ.

ಅಬ್ಬಬ್ಬಾ! ಅದು ಹಾಡೇ? ಸ್ಯಾಕ್ಸೋಫೋನು ಗಾಯಗೊಂಡ ಎತ್ತಿನ ಹಾಗೆ ಕೂಗುತ್ತಿತ್ತು. ಪಿಟೀಲು ಕಲ್ಲಿನ ಮೇಲೆ ಉಜ್ಜಿದ ಹಾಗೆ. ಕೆಳಗೆ ಮಾತ್ರ ಒಂದು ಬೇಸ್ ಗಿಟಾರು, ಹುಡುಗಾಟವೇ ಇಲ್ಲದೆ, ಸುತ್ತಿಗೆ ಏಟಿನಂತೆ ಒಂದೇ ಸಮನೆ ನಡೆಯುತ್ತಿತ್ತು. ಹಾಡುವವನ ದನಿಯಲ್ಲಿ ಮಾಧುರ್ಯ ಎಂಬುದು ಔಷಧಕ್ಕೂ ಇಲ್ಲ. "ಇದಕ್ಕೆ ಜೈಲು ಹಾಕಿದ್ದರು" ಎಂದ ಆತ. ಹಾಕಬೇಕಾದ್ದೇ ಎಂದು ನಕ್ಕೆ. ಆತ ನಗಲಿಲ್ಲ. ಕಥೆ ಶುರು ಮಾಡಿದ. ಊರಿಗೆ ಬಂದ ಮೇಲೆ ನಾನೂ ಕೆದಕಿ ಓದಿದೆ. ಎರಡನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಪ್ರಾಗ್‌ನ ಹುಡುಗರು

1968ರ ಆಗಸ್ಟ್. ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟ್ ಸರಕಾರವೇ ಸ್ವಲ್ಪ ಕಿಟಕಿ ತೆರೆದು ಗಾಳಿ ಬಿಟ್ಟುಕೊಂಡಿತ್ತು. ಅದು ಸೋವಿಯತ್ ರಷ್ಯಕ್ಕೆ ಸಹಿಸಲಿಲ್ಲ. ಒಂದೇ ರಾತ್ರಿಯಲ್ಲಿ ಟ್ಯಾಂಕುಗಳು ಪ್ರಾಗ್‌ಗೆ ನುಗ್ಗಿದವು. ಅದಾಗಿ ತಿಂಗಳಿಗೇ, ಮಿಲಾನ್ ಹ್ಲಾವ್ಸಾ ಎಂಬ ಹದಿನೇಳರ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಒಂದು ಬ್ಯಾಂಡ್ ಶುರು ಮಾಡಿದ. ಹೆಸರು 'ದಿ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್'. ಅಂದರೆ ಬ್ರಹ್ಮಾಂಡದ ಪ್ಲಾಸ್ಟಿಕ್ ಮಂದಿ! ಅಮೆರಿಕದ ಫ್ರಾಂಕ್ ಝಪ್ಪಾನ ಒಂದು ಹಾಡಿನಿಂದ ಎತ್ತಿಕೊಂಡ ಹೆಸರು.

ಒಂದು ಮಾತು ನೆನಪಿಡಿ. ಈ ಹುಡುಗರು ಕ್ರಾಂತಿಕಾರಿಗಳಲ್ಲ. ಸರಕಾರ ಉರುಳಿಸುವ ಹಾಡು ಕಟ್ಟಲಿಲ್ಲ. ಉದ್ದ ಕೂದಲು, ವಿಚಿತ್ರ ವೇಷ, ಮುಖಕ್ಕೆ ಬಣ್ಣ, ಮನಸ್ಸಿಗೆ ಬಂದ ಸಂಗೀತ. ಇಷ್ಟೇ.

ಆದರೆ ಆ ದೇಶದಲ್ಲಿ ದುಡ್ಡು ಪಡೆದು ಹಾಡಬೇಕಾದರೆ ಸರಕಾರದ ಲೈಸೆನ್ಸ್ ಬೇಕು. ಕೂದಲು ಕತ್ತರಿಸು, ಹೆಸರು ಬದಲಿಸು, ನಾವು ಹೇಳಿದ್ದನ್ನು ನುಡಿಸು ಎಂಬ ಕಾಲ ಬಂತು. ಎಷ್ಟೋ ಬ್ಯಾಂಡುಗಳು ತಲೆಬಾಗಿದವು. ಇವರು ಬಾಗಲಿಲ್ಲ. 1970ರಲ್ಲಿ ಲೈಸೆನ್ಸ್ ಹೋಯಿತು. ಸರಕಾರಿ ಸೊತ್ತಾಗಿದ್ದ ವಾದ್ಯಗಳೂ ಹೋದವು. ಹುಡುಗರು ಹಳೆಯ ರೇಡಿಯೋಗಳ ಹೊಟ್ಟೆ ಬಗೆದು ಆಂಪ್ಲಿಫೈಯರ್ ಮಾಡಿಕೊಂಡರು!

ಇವರಿಗೊಬ್ಬ ಗುರು. ಇವಾನ್ ಯಿರೌಸ್. ಕಲೆಯ ಇತಿಹಾಸ ಓದಿದವನು. 'ಮಾಗೊರ್' ಎಂದು ಅಡ್ಡಹೆಸರು, ಹುಚ್ಚ ಎಂಬರ್ಥದಲ್ಲಿ. ಹುಚ್ಚನ ತಲೆ ನೋಡಿ: ಅವನಿಗೆ ಕಲಾವಿದರ ಸಂಘದ ಸದಸ್ಯತ್ವ ಇತ್ತು. ಚಿತ್ರಕಾರ ಆಂಡಿ ವಾರ್ಹಾಲ್ ಬಗ್ಗೆ ಉಪನ್ಯಾಸ ಎಂದು ಹಾಲ್ ಬುಕ್ ಮಾಡುತ್ತಿದ್ದ. ಕೆಲವು ಸ್ಲೈಡ್ ತೋರಿಸಿ ನಾಲ್ಕು ಮಾತು ಆಡುತ್ತಿದ್ದ. ಆಮೇಲೆ ಉಪನ್ಯಾಸಕ್ಕೆ 'ಉದಾಹರಣೆ'ಯಾಗಿ ಬ್ಯಾಂಡಿನವರು ಗಂಟೆಗಟ್ಟಲೆ ಬಾರಿಸುತ್ತಿದ್ದರು!

ಈ ಯಿರೌಸ್ ಹೇಳಿದ್ದು ಒಂದೇ ತತ್ವ. ಸರಕಾರದ್ದು ಒಂದು ಸಂಸ್ಕೃತಿ, ನಮ್ಮದು ಎರಡನೆಯದು. ಅವರ ರೇಡಿಯೋ, ಅವರ ಬಹುಮಾನ, ಅವರ ಪರ್ಮಿಶನ್ ಯಾವುದೂ ನಮಗೆ ಬೇಡ. ಅವರನ್ನು ಬಯ್ಯುತ್ತ ಕೂರುವುದೂ ಬೇಡ. ನಮ್ಮದನ್ನು ನಾವು ಮಾಡೋಣ.

ಅಭಿಮಾನಿಗಳೆಂದರೆ ಇವರು!

ಈಗ ನಿಮ್ಮ ಸರದಿ, ಅಭಿಮಾನಿ ದೇವರುಗಳೇ. ಫಸ್ಟ್ ಡೇ ಫಸ್ಟ್ ಶೋಗೆ ರಾತ್ರಿಯಿಡೀ ಕ್ಯೂ ನಿಂತ ಹೆಮ್ಮೆ ನಿಮಗಿದೆ. ಈ ಬ್ಯಾಂಡಿನ ಅಭಿಮಾನಿಗಳಿಗೆ ಪೋಸ್ಟರ್ ಇಲ್ಲ, ಟಿಕೆಟ್ ಇಲ್ಲ, ಪ್ರಚಾರ ಇಲ್ಲ. ಬಾಯಿಂದ ಬಾಯಿಗೆ ಸುದ್ದಿ: ಇಂಥ ಹಳ್ಳಿ, ಇಂಥವರ ಮದುವೆ, ಅಲ್ಲಿ ನುಡಿಸುತ್ತಾರೆ. ರೈಲು ಹಿಡಿದು, ಹಿಮದಲ್ಲಿ, ಕಾಡುದಾರಿಯಲ್ಲಿ ನಡೆದು ಹೋಗಬೇಕು. ಹೋದರೆ ಪೊಲೀಸರೇ ಮೊದಲು ಬಂದಿರಬಹುದು.

1974ರ ಮಾರ್ಚ್ 30ರಂದು ಹಾಗೇ ಆಯಿತು. ಚೆಸ್ಕೆ ಬುದೆಯೊವಿತ್ಸೆ ಎಂಬ ಊರಿನ ಹತ್ತಿರ ಸಂಗೀತ ಕೇಳಲು ನೂರಾರು ಹುಡುಗರು ಬಂದಿಳಿದರು. ಪೊಲೀಸರು ಅವರನ್ನು ಸ್ಟೇಷನ್ನಿನ ಸುರಂಗದಾರಿಗೆ ಅಟ್ಟಿ ಲಾಠಿಯಿಂದ ಬಡಿದರು. ವಾಪಸು ಪ್ರಾಗ್‌ನ ರೈಲಿಗೆ ತುಂಬಿದರು. ಎಷ್ಟೋ ವಿದ್ಯಾರ್ಥಿಗಳನ್ನು ಶಾಲೆಯಿಂದ ಹೊರಹಾಕಿದರು. ಒಂದೇ ಒಂದು ಹಾಡು ಕೇಳಿರಲಿಲ್ಲ ಪಾಪ!

1976ರ ಫೆಬ್ರವರಿಯಲ್ಲಿ ಬೊಯಾನೊವಿತ್ಸೆ ಹಳ್ಳಿಯಲ್ಲಿ ಯಿರೌಸನ ಮದುವೆ. ಮದುವೆಯ ನೆಪದಲ್ಲಿ ಸಂಗೀತೋತ್ಸವ. ಮುಂದಿನ ತಿಂಗಳೇ ಪೊಲೀಸರು ಬ್ಯಾಂಡಿನವರನ್ನೂ ಗೆಳೆಯರನ್ನೂ ಬಾಚಿ ಎತ್ತಿದರು. ಸೆಪ್ಟೆಂಬರಿನಲ್ಲಿ ಕೋರ್ಟು. ಆರೋಪ ಏನು ಗೊತ್ತೇ? ಸಾರ್ವಜನಿಕ ಶಾಂತಿಭಂಗ! ಯಿರೌಸನಿಗೆ ಹದಿನೆಂಟು ತಿಂಗಳು. ಡಿಜಿ 307 ಎಂಬ ಇನ್ನೊಂದು ಬ್ಯಾಂಡಿನ ಪಾವೆಲ್ ಝಾಯಿಚೆಕ್‌ಗೆ ಹನ್ನೆರಡು ತಿಂಗಳು. ಪ್ಲಾಸ್ಟಿಕ್ ಮಂದಿಯ ಸ್ಯಾಕ್ಸೋಫೋನಿನ ಬ್ರಬೆನೆತ್ಸ್‌ಗೂ, ಹಾಡುಗಾರನಾಗಿದ್ದ ಪಾದ್ರಿ ಕರಾಸೆಕ್‌ಗೂ ಎಂಟೆಂಟು ತಿಂಗಳು.

ಆ ವಿಚಾರಣೆಗೆ ಒಬ್ಬ ನಾಟಕಕಾರ ಬಂದಿದ್ದ. ವಾತ್ಸ್ಲಾವ್ ಹಾವೆಲ್. ಆತನ ನಾಟಕಗಳಿಗೂ ದೇಶದಲ್ಲಿ ನಿಷೇಧ. ಇವತ್ತು ಈ ಉದ್ದಗೂದಲಿನವರನ್ನು ಬಿಟ್ಟುಕೊಟ್ಟರೆ ನಾಳೆ ಯಾರನ್ನು ಬೇಕಾದರೂ ಹಿಡಿಯಬಹುದು ಎಂಬುದು ಆತನಿಗೆ ಹೊಳೆಯಿತು. ಪ್ರೊಫೆಸರರು, ಪಾದ್ರಿಗಳು, ಪಕ್ಷದಿಂದ ಹೊರಬಿದ್ದ ಹಳೆಯ ಕಮ್ಯುನಿಸ್ಟರು, ಒಬ್ಬರ ಮುಖ ಒಬ್ಬರು ನೋಡದವರೆಲ್ಲ ಒಂದಾದರು. 1977ರ ಜನವರಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸಹಿ ಹಾಕಿದ ಒಂದು ಪತ್ರ ಹೊರಬಿತ್ತು. ಅದೇ 'ಚಾರ್ಟರ್ 77'. ನೀವೇ ಸಹಿ ಹಾಕಿದ ಕಾನೂನನ್ನು ನೀವು ಪಾಲಿಸಿ ಎಂದಷ್ಟೇ ಸರಕಾರಕ್ಕೆ ಹೇಳಿದ ಪತ್ರ.

ಆಮೇಲೆ? ಹಾವೆಲ್ ಜೈಲಿಗೆ ಹೋದ. ಬ್ಯಾಂಡಿನವರು ಅವನ ತೋಟದ ಮನೆಯ ಕೊಟ್ಟಿಗೆಯಲ್ಲಿ ಕದ್ದು ಧ್ವನಿಮುದ್ರಣ ಮಾಡಿದರು. ಟೇಪುಗಳು ಗಡಿ ದಾಟಿದವು. 1978ರಲ್ಲಿ ಪಶ್ಚಿಮದ ದೇಶದಲ್ಲಿ ಮೊದಲ ರೆಕಾರ್ಡ್ ಹೊರಬಂತು. ತಮ್ಮ ರೆಕಾರ್ಡನ್ನು ತಮ್ಮ ಊರಿನ ಅಂಗಡಿಯಲ್ಲಿ ನೋಡುವ ಭಾಗ್ಯ ಅವರಿಗಿರಲಿಲ್ಲ. ಬ್ರಬೆನೆತ್ಸ್‌ನನ್ನು ಕಾಟ ಕೊಟ್ಟು 1982ರಲ್ಲಿ ದೇಶ ಬಿಡಿಸಿದರು. 1988ರಲ್ಲಿ ಬ್ಯಾಂಡ್ ಒಡೆಯಿತು. ಮುಂದಿನ ವರ್ಷದ ನವೆಂಬರಿನಲ್ಲಿ ಜನ ಬೀದಿಗಿಳಿದರು. ಡಿಸೆಂಬರ್ 29ಕ್ಕೆ ಆ ನಿಷೇಧಿತ ನಾಟಕಕಾರನೇ ರಾಷ್ಟ್ರಪತಿ! 1997ರಲ್ಲಿ ಅವನ ಒತ್ತಾಯಕ್ಕೆ ಬ್ಯಾಂಡು ಮತ್ತೆ ಕೂಡಿತು. ಸಿನಿಮಾದಲ್ಲಿ ಹೀಗೆ ತೋರಿಸಿದರೆ ನಾವು "ಏನ್ ಬಿಡ್ತಾನಪ್ಪಾ ಡೈರೆಕ್ಟರ್ರು" ಅನ್ನುತ್ತೇವೆ, ಅಲ್ಲವೇ?

ಬಂಡೆಯ ಮೇಲೆ ಕತ್ತಲಾಗಿತ್ತು. "ನಿಮ್ಮ ದೇಶದಲ್ಲಿ ಹೀಗೆಲ್ಲ ಇಲ್ಲವಲ್ಲ" ಎಂದ ಬಿಳಿಯ. ಹೌದು ಎನ್ನಲು ಬಾಯಿ ತೆರೆದವನು ಯಾಕೋ ಸುಮ್ಮನಾದೆ.

ಸಂಡೂರು: ಅದೇ ವರ್ಷ, ನಮ್ಮ ಚಂದ್ರಿ

ಮರುದಿನ ಸಂಡೂರಿನ ಬಸ್ಸು ಹತ್ತಿದೆ. ಗುಡ್ಡದ ಮೇಲೆ ಗುಡ್ಡ, ಕೆಂಪು ಧೂಳು, ಅದಿರು ಲಾರಿಗಳ ಸಾಲು. ಕುಮಾರಸ್ವಾಮಿ ಇರುವ ಬೆಟ್ಟ ಹಸಿರು, ಮನುಷ್ಯ ಅಗೆದ ಬೆಟ್ಟ ಕೆಂಪು. 1949ರವರೆಗೆ ಇದು ಘೋರ್ಪಡೆಯವರ ಪುಟ್ಟ ಸಂಸ್ಥಾನ.

ಡ್ರಮ್ಮಿನ ಗೆಳೆಯ ಲಾರಿ ನಿಲ್ಲಿಸಿಕೊಂಡು ಕಾದಿದ್ದ. ಚಹಾ ಅಂಗಡಿಯ ಮುಂದೆ ಅವನ ಕಿವಿಗೂ ವೈರು ಇಟ್ಟೆ. ಕಣ್ಣು ಮುಚ್ಚಿ ಎರಡು ನಿಮಿಷ ಕೇಳಿದ. ಬೆರಳು ಸ್ಟೇರಿಂಗಿನ ಮೇಲೆ ತಾನಾಗಿ ಆಡತೊಡಗಿತು. "ಶ್ರುತಿ ಗಿಶ್ರುತಿ ಏನಿಲ್ಲಪಾ... ಆದ್ರ ಜಿಗಿ ಐತಿ ನೋಡು" ಅಂದ. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಅದೇ ಅಂಗಡಿಯಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತಿಗೆ ಕಿವಿಗೊಟ್ಟರು. 1973ರಲ್ಲಿ ಇದೇ ಸಂಡೂರಿನಲ್ಲಿ ಗೇಣಿದಾರರು ಭೂಮಿಗಾಗಿ ಸತ್ಯಾಗ್ರಹ ಹೂಡಿದ್ದರು. ಸೋಷಲಿಸ್ಟರು ಮುಂದೆ ನಿಂತಿದ್ದರು. "ಎರಡು ವರ್ಷಕ್ಕ ಎಮರ್ಜೆನ್ಸಿ ಬಂತಲ್ಲಪಾ, ಆಗ ಸೋಷಲಿಸ್ಟರನ್ನ ಹುಡುಕಿ ಹುಡುಕಿ ಒಳಗ ಹಾಕಿದ್ರು. ನಿಮ್ಮ ಸಿನಿಮಾದ ಆ ಯಮ್ಮನ್ನೂ ಬಿಡಲಿಲ್ಲ" ಅಂದರು ಅಜ್ಜ.

ಆ ಯಮ್ಮ ಯಾರು ಗೊತ್ತಾಯಿತೇ? ಸ್ನೇಹಲತಾ ರೆಡ್ಡಿ. 1970ರ 'ಸಂಸ್ಕಾರ'ದ ಚಂದ್ರಿ! ಮೊದಲು ಸೆನ್ಸಾರಿನವರು ತಡೆಹಿಡಿದು, ಆಮೇಲೆ ದೇಶದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಗೆದ್ದ, ಆ ಗೌರವ ತಂದ ಮೊದಲ ಕನ್ನಡ ಚಿತ್ರ. ಪತಿ ಪಟ್ಟಾಭಿರಾಮ ರೆಡ್ಡಿ ಅದರ ನಿರ್ದೇಶಕರು. ಇಬ್ಬರೂ ಸೋಷಲಿಸ್ಟ್ ಬಳಗದವರು, ಜಾರ್ಜ್ ಫರ್ನಾಂಡಿಸರ ಗೆಳೆಯರು. ಲಂಕೇಶರ 'ಕ್ರಾಂತಿ ಬಂತು ಕ್ರಾಂತಿ' ನಾಟಕವನ್ನು ಆಧರಿಸಿದ ಇವರ 'ಚಂಡಮಾರುತ' ಚಿತ್ರ 1977ರದ್ದು.

1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ. ಒಳಗಿದ್ದೇ ಡೈರಿ ಬರೆದರು, ಉಳಿದ ಹೆಣ್ಣು ಕೈದಿಗಳ ಪರ ದನಿಯೆತ್ತಿದರು. ಯಾವ ಅಪರಾಧವೂ ಸಾಬೀತಾಗಲಿಲ್ಲ. ಎಂಟು ತಿಂಗಳು ಕಳೆದು, ಉಸಿರು ಪೂರ್ತಿ ಸೋತ ಮೇಲೆ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ತಾರೀಖು ನೋಡಿದಿರಾ? ಪ್ರಾಗ್‌ನಲ್ಲಿ ಹುಡುಗರನ್ನು ಹಿಡಿದದ್ದು 1976ರ ಮಾರ್ಚಿ. ಇಲ್ಲಿ ಚಂದ್ರಿಯನ್ನು ಹಿಡಿದದ್ದು ಮೇ. ಅದೇ ಮೇ ತಿಂಗಳಲ್ಲೇ, ಸರಕಾರದ ಪ್ರಚಾರಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರ್ ದನಿಯನ್ನು ಆಕಾಶವಾಣಿಯಿಂದಲೂ ದೂರದರ್ಶನದಿಂದಲೂ ಹೊರಗಿಟ್ಟರು. ಅಲ್ಲಿ ಚಾರ್ಟರ್ ಹೊರಬಂದ ಜನವರಿಯಲ್ಲೇ ಇಲ್ಲಿ ಸ್ನೇಹಲತಾ ಇಲ್ಲವಾದರು. ಅಲ್ಲಿನದು ಕೆಂಪು ಬಾವುಟದ ಸರಕಾರ, ಇಲ್ಲಿನದು ಚುನಾವಣೆಯಲ್ಲಿ ಗೆದ್ದು ಬಂದ ಸರಕಾರ. ಹೆದರಿಕೆ ಮಾತ್ರ ಒಂದೇ!

ವ್ಯತ್ಯಾಸವನ್ನೂ ಹೇಳದಿದ್ದರೆ ಮೋಸವಾದೀತು. ನಮ್ಮ ಕತ್ತಲು ಇಪ್ಪತ್ತೊಂದು ತಿಂಗಳಿಗೆ ಮುಗಿಯಿತು. 1977ರ ಮಾರ್ಚಿಯಲ್ಲಿ ಜನ ಓಟು ಹಾಕಿ ಸರಕಾರವನ್ನೇ ಬದಲಿಸಿದರು. ಅವರದು ಇಪ್ಪತ್ತೊಂದು ವರ್ಷ ನಡೆಯಿತು. ಓಟಿನ ಬೆಲೆ ಏನು ಎಂದು ಯಾರಾದರೂ ಕೇಳಿದರೆ ಈ ಲೆಕ್ಕ ಹೇಳಿ.

ದರೋಜಿ: ಓದು ಬಾರದ ಗ್ರಂಥಭಂಡಾರ

ತೋರಣಗಲ್ಲಿನ ಕಡೆಯಿಂದ ಬಸ್ಸು ಬದಲಿಸಿ ದರೋಜಿಗೆ ಬಂದೆ. ಕರಡಿಧಾಮದಿಂದಾಗಿ ನಿಮಗೆ ಹೆಸರು ಗೊತ್ತಿರಬಹುದು. ನಾನು ಬಂದದ್ದು ಬುರ್ರಕಥಾ ಈರಮ್ಮನ ಊರು ಎಂದು. ಬುಡ್ಗ ಜಂಗಮ ಅಲೆಮಾರಿ ಸಮುದಾಯದ ಹೆಣ್ಣುಮಗಳು. ಅಕ್ಷರ ಬಾರದು. ಆದರೆ ಹನ್ನೆರಡು ಮಹಾಕಥನಗಳು ನಾಲಿಗೆಯ ತುದಿಯಲ್ಲಿ! 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ, ಎಲ್ಲ ಬಂದವು. 2014ರ ಆಗಸ್ಟಿನಲ್ಲಿ ತೀರಿಕೊಂಡರು.

ಬುರ್ರಕಥೆಯವರೂ ಒಂದು ಬ್ಯಾಂಡೇ ಅಲ್ಲವೇ? ನಡುವೆ ತಂಬೂರಿ ಹಿಡಿದ ಮುಖ್ಯ ಕಥೆಗಾರ, ಅಕ್ಕಪಕ್ಕ ಡಕ್ಕಿ ಬಾರಿಸುವ ಇಬ್ಬರು. ತೆಲುಗು ನಾಡಿನ ಮೇಳದಲ್ಲಿ ಒಬ್ಬನ ಕೆಲಸ ನಗಿಸುವುದು. ಇನ್ನೊಬ್ಬನ ಕೆಲಸ? ಕಥೆಯ ನಡುವೆ ಇವತ್ತಿನ ರಾಜಕೀಯ ಎತ್ತುವುದು! ಸ್ವಾತಂತ್ರ್ಯಕ್ಕೆ ಮುಂಚೆ ಕಮ್ಯುನಿಸ್ಟ್ ಕಲಾವಿದರು ಈ ಡಕ್ಕಿಯನ್ನೇ ಕೈಗೆತ್ತಿಕೊಂಡು ರೈತರ ಸಭೆಗಳಲ್ಲಿ ಹಾಡಿದರು. ಆಗ ಮದರಾಸಿನಲ್ಲಿ ಬ್ರಿಟಿಷ್ ಸರಕಾರ, ಹೈದರಾಬಾದಿನಲ್ಲಿ ನಿಜಾಮ ಸರಕಾರ, ಎರಡೂ ಬುರ್ರಕಥೆಯನ್ನು ನಿಷೇಧಿಸಿದವು.

ಎಂಥ ತಮಾಷೆ ನೋಡಿ. ಇಲ್ಲಿ ಕಮ್ಯುನಿಸ್ಟರು ಹಾಡಿದ್ದಕ್ಕೆ ನಿಷೇಧ. ಅಲ್ಲಿ ಹಾಡಿದವರಿಗೆ ಕಮ್ಯುನಿಸ್ಟರಿಂದ ನಿಷೇಧ. ಕುರ್ಚಿ ಯಾರದಾದರೇನು, ಕುಳಿತವನಿಗೆ ಡಕ್ಕಿಯ ಸದ್ದು ಆಗುವುದಿಲ್ಲ! ಈರಮ್ಮ ರಾಜಕೀಯ ಹಾಡಿದವರಲ್ಲ, ಹಿರಿಯರು ಕೊಟ್ಟ ಕಥೆಯನ್ನು ಹಾಡಿದವರು. ಆದರೆ ಹೀಗೆ ಮನೆಮನೆ ಅಲೆದು ಹಾಡಿದವರ ನಾಲಿಗೆಯಲ್ಲಿ ಆ ಕಲೆ ಉಳಿಯಿತು. ಯಿರೌಸ್ ಹೇಳಿದ ಎರಡನೆಯ ಸಂಸ್ಕೃತಿ ಎಂದರೆ ಇದೇ ಇರಬೇಕು ಎನಿಸಿತು ನನಗೆ.

ಕಂಪ್ಲಿ: ಹೊಳೆಗೆ ಎರಡು ದಂಡೆ

ಸಂಜೆ ಕಂಪ್ಲಿ. ಭತ್ತದ ಗದ್ದೆ, ಬಾಳೆತೋಟ, ಹಳೆಯ ಕೋಟೆ. ಹದಿನಾಲ್ಕನೆಯ ಶತಮಾನದಲ್ಲಿ ದಿಲ್ಲಿಯ ತುಘಲಕ್ ಸೈನ್ಯಕ್ಕೆ ತಲೆಬಾಗದೆ ತಲೆಯನ್ನೇ ಕೊಟ್ಟ ಕುಮಾರರಾಮನ ನಾಡು. 2006ರಲ್ಲಿ ಶಿವರಾಜಕುಮಾರ್ ಆ ಗಂಡುಗಲಿಯಾಗಿ ತೆರೆಗೆ ಬಂದದ್ದು ನೆನಪಿರಬೇಕು.

ತುಂಗಭದ್ರೆಯ ಸೇತುವೆಯ ಹತ್ತಿರ ನಿಂತೆ. 1947ಕ್ಕೆ ಮುಂಚೆ ಈ ದಂಡೆ ಮದರಾಸು ಪ್ರಾಂತ್ಯ, ಎದುರಿನ ಗಂಗಾವತಿಯ ದಂಡೆ ನಿಜಾಮನ ರಾಜ್ಯ. ಬೆನ್ನ ಹಿಂದೆ ಸಂಡೂರಿನ ರಾಜರು. ಒಂದು ದಿನದ ಬಸ್ ಪ್ರಯಾಣದಲ್ಲಿ ಮೂರು ಸರಕಾರ! ಮೂರೂ ಹೋದವು. ಹೊಳೆಯಾಚೆ ಎಲ್ಲೋ ಭಜನೆಯ ದಮ್ಮಡಿ ಬಡಿಯುತ್ತಿತ್ತು. ಅದು ಹೋಗಿಲ್ಲ.

ಹಾಗೆಂದು ಎಲ್ಲ ಸುಖಾಂತ ಎಂದು ತಿಳಿಯಬೇಡಿ. ಯಿರೌಸ್ ಐದು ಸಲ ಜೈಲಿಗೆ ಹೋಗಿ ಎಂಟು ವರ್ಷಕ್ಕೂ ಮೇಲೆ ಒಳಗೆ ಕಳೆದ. ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ. 2001ರಲ್ಲಿ ಹ್ಲಾವ್ಸಾ, 2011ರಲ್ಲಿ ಯಿರೌಸ್, ಅದೇ ವರ್ಷ ಹಾವೆಲ್, ಎಲ್ಲ ಹೊರಟುಹೋದರು. ನಮ್ಮ ಸ್ನೇಹಲತಾ ತಾವು ಬಯಸಿದ ಆ ಮಾರ್ಚಿಯ ಬೆಳಗನ್ನು ನೋಡಲೇ ಇಲ್ಲ. ಎರಡು ತಿಂಗಳು... ಬರೀ ಎರಡು ತಿಂಗಳು ಸಾಲದೆ ಹೋಯಿತು.

ಅವರ ಮುಂದೆ ನಾನು ಯಾರು? ಒಬ್ಬ ಮನುಷ್ಯ, ಒಂದು ಸ್ವಿಚ್ಚು, ಒಂದು ರಾತ್ರಿ. ಅಷ್ಟಕ್ಕೇ ವೈರು ಸುತ್ತಿಟ್ಟವನು. ನಮ್ಮನ್ನು ಹಾಡಲಿಕ್ಕೆ ಬಿಡಲಿಲ್ಲ ನಿಜ. ಆದರೆ ಮರುದಿನ ಹಾಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಅದನ್ನು ನಾವೇ ಹೇಳಿಕೊಂಡೆವು.

ಕಂಪ್ಲಿಯಿಂದ ಹೊಸಪೇಟೆಗೆ ಹಿಂದಿರುಗುವ ಕೊನೆಯ ಬಸ್ಸಿನಲ್ಲಿ ಕಿಟಕಿಗೆ ತಲೆಕೊಟ್ಟು ಕೂತಿದ್ದೆ. ಫೋನು ಬಡಿದುಕೊಂಡಿತು. ಸಂಡೂರಿನಿಂದ ಗೆಳೆಯ.

"ಆ ಪ್ಲಾಸ್ಟಿಕ್ ಹಾಡು ಕಳಸಲೇ."

"ಯಾಕಲೇ?"

"ಡ್ರಮ್ ಮಾರಿಲ್ಲಪಾ ನಾನು. ಅಟ್ಟದ ಮ್ಯಾಗೈತಿ. ಐತವಾರ ಕೆಳಗ ಇಳಸ್ತೀನಿ."

ಹಾಡು ಕಳಿಸಿದೆ. ಐತವಾರ ನಾನೂ ಸಂಡೂರಿಗೆ ಹೊರಟಿದ್ದೇನೆ.